‘5000 ವ್ಯಾಟ್, ಫಾರಿನ್ ಕಂಪನಿ’ ಆಂಪ್ಲಿಫೈಯರ್: ಈ ಫಾರ್ವರ್ಡ್ ನಂಬಬಹುದೇ?

ಗಣೇಶ ಹಬ್ಬ, ಜಾತ್ರೆ ಹತ್ತಿರ ಬಂತೆಂದರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಸೌಂಡ್ ಸಿಸ್ಟಂ ಮಾರಾಟದ ಮೆಸೇಜ್‌ಗಳು ಶುರುವಾಗುತ್ತವೆ. ‘5000 ವ್ಯಾಟ್, ಫಾರಿನ್ ಕಂಪನಿ, ಚೀನಾ ಮಾಲಲ್ಲ’ ಎಂಬ ಧಾಟಿಯ ಒಂದು ಸಾಲು, ಕೆಳಗೊಂದು ಫೋನ್ ನಂಬರ್. ಊರಿನ ಯುವಕ ಸಂಘ ಚಂದಾ ದುಡ್ಡಿನಲ್ಲಿ, ಶಾಮಿಯಾನ-ಸೌಂಡ್ಸ್ ನಡೆಸುವವರು ಸಾಲ ಮಾಡಿ ಇಂಥದ್ದನ್ನು ಕೊಳ್ಳುತ್ತಾರೆ. ಆ ಸಾಲಿನಲ್ಲಿ ಎಷ್ಟು ನಿಜವಿದೆ ನೋಡೋಣ.

5000 ವ್ಯಾಟ್ ನಿಜವೇ?

ಒಂದು ಸಣ್ಣ ಲೆಕ್ಕ ಹಾಕಿ. ನಮ್ಮ ಮನೆಯ ಕರೆಂಟು 230 ವೋಲ್ಟ್. 6 ಆಂಪಿಯರ್‌ನ ಚಿಕ್ಕ ಪ್ಲಗ್‌ನಿಂದ ಸಿಗುವುದು ಹೆಚ್ಚೆಂದರೆ 1380 ವ್ಯಾಟ್, 16 ಆಂಪಿಯರ್‌ನ ದೊಡ್ಡ ಪ್ಲಗ್‌ನಿಂದ 3680 ವ್ಯಾಟ್. ಅಲ್ಲಿಂದ ಕರೆಂಟು ಪಡೆಯುವ ಆಂಪ್ಲಿಫೈಯರ್ 5000 ವ್ಯಾಟನ್ನು ಎಡೆಬಿಡದೆ ಕೊಡಲು ಸಾಧ್ಯವೇ ಇಲ್ಲ. ಡ್ರಮ್ ಪೆಟ್ಟು ಬಿದ್ದ ಕ್ಷಣದಲ್ಲಿ ಮಾತ್ರ ಅಷ್ಟು ಏರಬಹುದು. ಕೆಲವರು ‘ಪೀಕ್’, ‘ಪಿಎಂಪಿಒ’ ಎಂದು ಬರೆಯುವುದು ಇಂಥ ಕ್ಷಣಿಕ ಅಥವಾ ಉಬ್ಬಿಸಿದ ಅಂಕಿಗಳನ್ನೇ. ನೀವು ನೋಡಬೇಕಾದದ್ದು ‘ಆರ್‌ಎಂಎಸ್’ ಅಂಕಿ.

ಇನ್ನೊಂದು ವಿಷಯ: ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ. ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಪಟ್ಟು ವ್ಯಾಟ್ ಬೇಕು.

ಫಾರಿನ್ ಹೆಸರಿದ್ದರೆ ಫಾರಿನ್‌ನಲ್ಲೇ ತಯಾರೇ?

ಹಾಗೇನಿಲ್ಲ. ಬೆಹ್ರಿಂಜರ್ ಜರ್ಮನಿಯಲ್ಲಿ ಹುಟ್ಟಿದ ಹೆಸರು, ಅದರ ದೊಡ್ಡ ಕಾರ್ಖಾನೆ ಇರುವುದು ಚೀನಾದ ಝೋಂಗ್‌ಶಾನ್‌ನಲ್ಲಿ. ಕ್ರೌನ್ ಹುಟ್ಟಿದ್ದು ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ. ಅದು ಹರ್ಮನ್ ಕಂಪನಿಗೆ ಸೇರಿತು, 2017ರಲ್ಲಿ ಹರ್ಮನ್ ಕೊರಿಯಾದ ಸ್ಯಾಮ್‌ಸಂಗ್ ಪಾಲಾಯಿತು. ಪವರ್‌ಸಾಫ್ಟ್ ಇಟಲಿಯ ಫ್ಲಾರೆನ್ಸ್ ಪಕ್ಕದ ಕಂಪನಿ. ನಮ್ಮ ದೇವಸ್ಥಾನ, ಶಾಲೆಗಳಲ್ಲಿ ಕಾಣುವ ಅಹುಜಾ 1940ರಿಂದ ಇರುವ ದೆಹಲಿಯ ಕಂಪನಿ.

ಅಂದರೆ ಹೆಸರಿನ ದೇಶ, ಮಾಲೀಕರ ದೇಶ, ಕಾರ್ಖಾನೆಯ ದೇಶ ಮೂರೂ ಬೇರೆ ಇರಬಹುದು. ಒಂದೇ ಬ್ರಾಂಡ್‌ನ ಎರಡು ಮಾಡೆಲ್‌ಗಳು ಎರಡು ದೇಶಗಳಲ್ಲಿ ತಯಾರಾಗುವುದೂ ಉಂಟು. ‘ಡಿಸೈನ್ಡ್ ಇನ್’ ಎಂದಿದ್ದರೆ ಅದು ವಿನ್ಯಾಸ ಮಾಡಿದ ಜಾಗ, ‘ಮೇಡ್ ಇನ್’ ಎಂದಿದ್ದರೆ ತಯಾರಾದ ಜಾಗ. ‘ಮೇಡ್ ಇನ್ ಚೀನಾ’ ಎಂದ ಮಾತ್ರಕ್ಕೆ ಅದು ಡೂಪ್ಲಿಕೇಟ್ ಅಲ್ಲ.

ಹಾಗಾದರೆ ಹೋಲಿಸುವುದು ಹೇಗೆ?

1. ಎರಡೂ ಆಂಪ್ಲಿಫೈಯರ್‌ಗಳ ಅಂಕಿ ಒಂದೇ ಓಮ್‌ನದ್ದಾಗಿರಲಿ. 4 ಓಮ್‌ಗೆ ವ್ಯಾಟ್ ಹೆಚ್ಚು, 8 ಓಮ್‌ಗೆ ಕಡಿಮೆ ಇರುವುದು ಸಹಜ. ಒಂದರ 4 ಓಮ್ ಅಂಕಿಯನ್ನು ಇನ್ನೊಂದರ 8 ಓಮ್ ಅಂಕಿಯ ಜೊತೆ ಹೋಲಿಸಬೇಡಿ.

2. ಎರಡೂ ಚಾನೆಲ್ ಒಟ್ಟಿಗೆ ನಡೆಯುವಾಗ ಒಂದೊಂದಕ್ಕೆ ಎಷ್ಟು ಆರ್‌ಎಂಎಸ್ ಎಂದು ಕೇಳಿ. ‘ಬ್ರಿಡ್ಜ್’ ಅಂಕಿ ಎರಡೂ ಚಾನೆಲ್ ಸೇರಿಸಿದ್ದು.

3. ನಿಮ್ಮ ಸ್ಪೀಕರ್‌ಗೆ ಹೊಂದುತ್ತದೆಯೇ ನೋಡಿ. ಶಕ್ತಿ ಸಾಲದ ಆಂಪ್ಲಿಫೈಯರನ್ನು ಪೂರ್ತಿ ಏರಿಸಿದರೆ ‘ಕ್ಲಿಪ್’ ಲೈಟ್ ಹತ್ತುತ್ತದೆ, ಸದ್ದು ಒಡೆಯುತ್ತದೆ. ಹಾಗೇ ಬಿಟ್ಟರೆ ಟ್ವೀಟರ್ ಸುಟ್ಟುಹೋಗಬಹುದು.

4. ವಾರಂಟಿ ಕಾರ್ಡ್ ಇದೆಯೇ, ಸರ್ವಿಸ್ ಸೆಂಟರ್ ಹತ್ತಿರವಿದೆಯೇ ವಿಚಾರಿಸಿ.

ನಮ್ಮ ತೀರ್ಮಾನ: ದೇಶದ ಹೆಸರು, ದಪ್ಪ ಅಕ್ಷರದ ವ್ಯಾಟ್ ಇವೆರಡನ್ನೇ ನಂಬಿ ದುಡ್ಡು ಕೊಡಬೇಡಿ. ಇಂಥ ಮೆಸೇಜ್ ಬಂದಾಗ ಫಾರ್ವರ್ಡ್ ಮಾಡುವ ಮುಂಚೆ, ‘8 ಓಮ್‌ಗೆ ಆರ್‌ಎಂಎಸ್ ಎಷ್ಟು? ಹಿಂಬದಿಯ ಲೇಬಲ್ ಫೋಟೋ ಕಳಿಸಿ’ ಎಂದು ಕೇಳಿ. ಉತ್ತರ ಬರದಿದ್ದರೆ ಆ ಮೆಸೇಜ್ ನಿಮ್ಮಲ್ಲೇ ನಿಲ್ಲಲಿ.