ಎಮ್ಮೆಗಳ ಕೆಚ್ಚಲುಬಾವೂ ಬೀಜದ ಕೋಣದ ಆಯ್ಕೆಯೂ

ಎಮ್ಮೆಯ ಕೆಚ್ಚಲಿನ ಒಂದು ಭಾಗವು ಊದಿ, ಬಿಸಿಯಾಗಿ, ಹಾಲಿಗೆ ಬದಲು ನೀರಿನಂತಹ ದ್ರವವೂ ಹೆಪ್ಪಿನ ಚೂರುಗಳೂ ಬರತೊಡಗಿದರೆ ಅದು ಕೆಚ್ಚಲುಬಾವೆಂದು ರೈತರೆಲ್ಲರೂ ಬಲ್ಲರು. ಸಕಾಲದಲ್ಲಿ ಚಿಕಿತ್ಸೆಯಾಗದಿದ್ದರೆ ಆ ಮೊಲೆಯು ಬತ್ತಿಹೋಗುವುದುಂಟು. ಮೂರು ಮೊಲೆಯ ಎಮ್ಮೆಗೆ ಸಂತೆಯಲ್ಲಿ ಎಷ್ಟು ಬೆಲೆ ಬರುವುದೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಒಂದೇ ಕೊಟ್ಟಿಗೆಯಲ್ಲಿ ಕಟ್ಟಿ, ಒಂದೇ ಮೇವು ಹಾಕಿ, ಒಬ್ಬನೇ ಕರೆಯುವ ಎರಡು ಎಮ್ಮೆಗಳಲ್ಲಿ ಒಂದಕ್ಕೆ ಈ ರೋಗವು ಸೂಲು ಸೂಲಿಗೂ ಬರುವುದೂ ಮತ್ತೊಂದಕ್ಕೆ ಎಂದೂ ಬಾರದಿರುವುದೂ ಏತಕ್ಕೆ? ಇದರಲ್ಲಿ ವಂಶದ ಪಾಲೆಷ್ಟೆಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯವು.

ಹಸುವಿಗೆ ಹೋಲಿಸಿದರೆ ಎಮ್ಮೆಗೆ ಸ್ವಭಾವಸಿದ್ಧವಾದ ಒಂದು ರಕ್ಷಣೆಯುಂಟು. ಮೊಲೆಯ ತುದಿಯ ರಂಧ್ರವನ್ನು ಬಿಗಿಹಿಡಿಯುವ ಮಾಂಸಪೇಶಿಯು ಎಮ್ಮೆಯಲ್ಲಿ ಹೆಚ್ಚು ದಪ್ಪನಾಗಿರುವುದರಿಂದ ರೋಗಾಣುಗಳು ಸುಲಭವಾಗಿ ಒಳಹೋಗಲಾರವು. ಎಮ್ಮೆಯು ಕರೆಯಲು ಬಿಗಿಯೆಂದು ದೂರುವವರು ಈ ಲಾಭವನ್ನೂ ನೆನೆಯಬೇಕು. ಹಾಗೆ ಒಳಹೊಕ್ಕ ರೋಗಾಣುಗಳನ್ನು ರಕ್ತದ ಬಿಳಿಯ ಕಣಗಳು ಗುರುತಿಸಿ ನುಂಗುತ್ತವೆ. ಈ ಗುರುತಿಸುವ ಶಕ್ತಿಯು ತಂದೆತಾಯಿಗಳಿಂದ ಬಂದ ವಂಶವಾಹಿಗಳನ್ನು ಅವಲಂಬಿಸಿದೆ. ಅವುಗಳಲ್ಲಿ ಟಿ.ಎಲ್.ಆರ್. 4 ಎಂಬುದು ಕೆಲವು ಜಾತಿಯ ರೋಗಾಣುಗಳ ಹೊರಗೋಡೆಯನ್ನು ಪತ್ತೆಹಚ್ಚುವ ಅಂಶವನ್ನು ನಿರ್ಮಿಸುತ್ತದೆ. ಲ್ಯಾಕ್ಟೋಫೆರಿನ್ ಎಂಬ ಮತ್ತೊಂದರಿಂದ ಉಂಟಾಗುವ ಸತ್ವವು ಹಾಲಿನಲ್ಲಿರುವ ಕಬ್ಬಿಣವನ್ನು ತಾನು ಹಿಡಿದುಕೊಂಡು ರೋಗಾಣುಗಳಿಗೆ ದೊರೆಯದಂತೆ ಮಾಡುತ್ತದೆ. ಇಂತಹ ವಂಶವಾಹಿಗಳಲ್ಲಿ ಎಮ್ಮೆಯಿಂದ ಎಮ್ಮೆಗೆ ಕಾಣುವ ಸಣ್ಣ ವ್ಯತ್ಯಾಸಗಳನ್ನೇ ವಿಜ್ಞಾನಿಗಳು ಗುರುತುಗಳೆಂದು ಕರೆಯುತ್ತಾರೆ. ಮುರ್ರಾ ತಳಿಯಲ್ಲಿ ಈ ಬಗೆಯ ಶೋಧನೆಗಳು ನಡೆದಿವೆ. 2024ನೆಯ ಅಕ್ಟೋಬರಿನಲ್ಲಿ ಭಾರತ ಸರ್ಕಾರವು ಎಮ್ಮೆಗಳಿಗಾಗಿ ಮಹಿಷ್ ಚಿಪ್ ಎಂಬ ಸಾಧನವನ್ನು ಬಿಡುಗಡೆ ಮಾಡಿತು. ಇದರಿಂದ ಒಂದು ಪ್ರಾಣಿಯ ಸಹಸ್ರಾರು ಗುರುತುಗಳನ್ನು ಒಮ್ಮೆಗೇ ಓದಬಹುದು.

ಹೀಗೆಂದು ಒಂದು ಗುರುತನ್ನು ನೋಡಿ ಕೋಣವನ್ನು ಕೊಳ್ಳತಕ್ಕದ್ದೆಂದು ಯಾರೂ ಭಾವಿಸಬಾರದು. ರೋಗನಿರೋಧವು ಒಂದು ವಂಶವಾಹಿಯ ಕೆಲಸವಲ್ಲ. ಅನೇಕವು ಸೇರಿ ಸ್ವಲ್ಪ ಸ್ವಲ್ಪ ಮಾಡುವ ಕೆಲಸ. ಹಸುಗಳಲ್ಲಿ ಹಾಕಿದ ಬಹುಪಾಲು ಲೆಕ್ಕಗಳಂತೆ, ಕೆಚ್ಚಲುಬಾವಿನ ಹೆಚ್ಚುಕಡಮೆಯಲ್ಲಿ ವಂಶದ ಪಾಲು ನೂರಕ್ಕೆ ಹತ್ತನ್ನು ಮೀರುವುದಿಲ್ಲ. ಮಿಕ್ಕುದೆಲ್ಲವೂ ಕೊಟ್ಟಿಗೆಯ ಶುಚಿ, ಕರೆಯುವವನ ಕೈ ಮುಂತಾದುವುಗಳದು. ಹೆಬ್ಬೆರಳನ್ನು ಮಡಚಿ ಮೊಲೆಯನ್ನು ಒತ್ತಿ ಕರೆಯುವ ದುರಭ್ಯಾಸವು ಉತ್ತಮ ವಂಶದ ಎಮ್ಮೆಯನ್ನೂ ಕೆಡಿಸೀತು. ಕರೆದೊಡನೆ ಕೆರೆಗೆ ಹೊಡೆಯುವುದೂ ಹಾಗೆಯೇ. ಮೊಲೆಯ ರಂಧ್ರವು ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು.

ವಂಶದ ಪಾಲು ಅಲ್ಪವೆಂದು ಅದನ್ನು ಕೈಬಿಡತಕ್ಕದ್ದೂ ಅಲ್ಲ. ಇದಕ್ಕೆ ನಾರ್ವೆ ದೇಶವೇ ಸಾಕ್ಷಿ. ಅಲ್ಲಿ 1975ರಿಂದ ಪ್ರತಿಯೊಂದು ಹಸುವಿನ ರೋಗ, ಚಿಕಿತ್ಸೆಗಳನ್ನು ಚೀಟಿಯಲ್ಲಿ ಬರೆದಿಡುವ ಪದ್ಧತಿಯು ದೇಶದಲ್ಲೆಲ್ಲ ಜಾರಿಗೆ ಬಂದಿತು. 1978ರಿಂದ ಹೋರಿಗಳ ಆಯ್ಕೆಯಲ್ಲಿ ಅವುಗಳ ಹೆಣ್ಣುಮಕ್ಕಳ ಕೆಚ್ಚಲುಬಾವನ್ನೂ ಗಣನೆಗೆ ತೆಗೆದುಕೊಂಡರು. ವಂಶವಾಹಿಯ ಗುರುತುಗಳನ್ನು ಓದುವ ವಿದ್ಯೆಯು ಬರುವುದಕ್ಕೆ ಬಹಳ ಮುಂಚೆಯೇ, ಬರಿಯ ದಾಖಲೆಯ ಬಲದಿಂದ, ಆ ತಳಿಯು ಪೀಳಿಗೆಯಿಂದ ಪೀಳಿಗೆಗೆ ಸುಧಾರಿಸಿತು. ಈಗಲೂ ಯಾವ ಗುರುತು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಹೇಳಬೇಕಾದರೆ ಯಾವ ಎಮ್ಮೆಗೆ ರೋಗ ಬಂದಿತ್ತೆಂಬ ಬರಹವು ಮೊದಲು ಬೇಕು. ಅದಿಲ್ಲದೆ ಚಿಪ್ಪು ಮೂಕವಾಗಿರುತ್ತದೆ.

ಎರಡು ಮೂರು ಎಮ್ಮೆಗಳಿರುವ ಮನೆಯವನೊಬ್ಬನಿಂದ ಈ ಕೆಲಸವು ಆಗತಕ್ಕದ್ದಲ್ಲ. ಕೋಣವು ಹಾಲು ಕೊಡದಿರುವುದರಿಂದ ಅದರ ಗುಣವು ಹೆಣ್ಣುಮಕ್ಕಳ ಕೆಚ್ಚಲಿನಲ್ಲಿಯೇ ಕಾಣಬೇಕು. ಆ ಹೆಣ್ಣುಮಕ್ಕಳು ಊರಿನ ಹತ್ತು ಮನೆಗಳಲ್ಲಿ ಹಂಚಿಹೋಗಿರುತ್ತವೆ. ಆದುದರಿಂದ ಊರಿನ ಮುಖಂಡರು, ವಿಶೇಷವಾಗಿ ಬೀಜದ ಕೋಣವನ್ನು ಸಾಕುವ ಭೂಮಾಲೀಕರು, ಹಾಲಿನ ಸಂಘದಲ್ಲಿ ಒಂದು ಪುಸ್ತಕವನ್ನಿಡಿಸುವುದು ಯುಕ್ತ. ಎಮ್ಮೆಯ ಗುರುತಿನ ಸಂಖ್ಯೆ, ಅದರ ತಾಯಿ, ತಂದೆ ಕೋಣ ಅಥವಾ ವೀರ್ಯನಳಿಕೆಯ ಸಂಖ್ಯೆ, ಕರು ಹಾಕಿದ ದಿನ, ಬಾವು ಬಂದ ದಿನ, ಯಾವ ಮೊಲೆಗೆ ಬಂದಿತು ಎಂಬಷ್ಟನ್ನು ಬರೆದರೆ ಸಾಕು. ಕೋಣಗರುವನ್ನು ಬೀಜಕ್ಕೆ ಬಿಡುವಾಗ ತಾಯಿಯು ಎಷ್ಟು ಸೇರು ಕರೆಯಿತೆಂದು ಮಾತ್ರ ಕೇಳುವ ರೂಢಿಯಿದೆ. ಆ ತಾಯಿಗೂ ಅದರ ಅಕ್ಕತಂಗಿಯರಿಗೂ ಎಷ್ಟು ಸಲ ಬಾವು ಬಂದಿತ್ತೆಂದೂ ಕೇಳತಕ್ಕದ್ದು. ಹೈನು ಹಸುಗಳಲ್ಲಿ ಅಧಿಕ ಹಾಲಿನ ವಂಶಕ್ಕೂ ಕೆಚ್ಚಲುಬಾವಿಗೂ ನಂಟಿರುವುದು ಸಿದ್ಧಪಟ್ಟಿದೆ. ಹಾಲೊಂದನ್ನೇ ನೋಡಿ ಆರಿಸಿದವರು ರೋಗವನ್ನೂ ಅರಿಯದೆ ಆರಿಸಿದಂತಾಗುತ್ತದೆ. ಪದೇ ಪದೇ ಬಾವಿಗೆ ತುತ್ತಾದ ಎಮ್ಮೆಯ ಗಂಡುಕರುವು ನೋಡಲು ಎಷ್ಟು ಪುಷ್ಟವಾಗಿದ್ದರೂ ಬೀಜಕ್ಕೆ ಬಿಡದೆ, ಸಣ್ಣದಿರುವಾಗಲೇ ಪಶುವೈದ್ಯರಿಂದ ಬೀಜ ಒಡೆಸಿ ಗೇಯ್ಮೆಗೆ ಹೂಡಬಹುದು.