ಕುತ್ತಿಗೆಯ ಗಂಟು: ಕಾರಣ ಕೈಗಾದಲ್ಲೋ, ವಂಶದಲ್ಲೋ?

ಅಂಕೋಲಾ: ತಾಲ್ಲೂಕಿನ ಬೊಬ್ರುವಾಡದಿಂದ ಕಾರವಾರದವರೆಗಿನ ಕರಾವಳಿಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇದೆಯೆಂದು ತಿಳಿದಾಗ ಮನೆಮಂದಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಎರಡು. ಇದಕ್ಕೆ ಕೈಗಾ ಅಣುಸ್ಥಾವರ ಕಾರಣವೇ? ಇದು ಮಕ್ಕಳಿಗೂ ಬರುತ್ತದೆಯೇ? ಮೊದಲನೆಯದು ಅನೇಕ ವರ್ಷಗಳಿಂದ ಸಾರ್ವಜನಿಕವಾಗಿ ಚರ್ಚೆಯಾಗುತ್ತಿದೆ. ಎರಡನೆಯದು ಹೆಚ್ಚಾಗಿ ಮನೆಯೊಳಗೇ ಉಳಿದುಬಿಡುತ್ತದೆ. ಆದರೆ ವೈದ್ಯವಿಜ್ಞಾನವು ಒಂದು ಕುಟುಂಬಕ್ಕೆ ಖಚಿತ ಉತ್ತರವನ್ನೂ ಪರಿಹಾರವನ್ನೂ ನೀಡಬಲ್ಲದ್ದು ಈ ಎರಡನೆಯ ಪ್ರಶ್ನೆಗೇ.

ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ

ಥೈರಾಯ್ಡ್ ಗ್ರಂಥಿಯಲ್ಲಿ ಕಾಣಿಸುವ ಗಂಟುಗಳಲ್ಲಿ ಶೇ. 90ಕ್ಕೂ ಹೆಚ್ಚಿನವು ನಿರಪಾಯಕಾರಿ. ಉಳಿದವುಗಳಲ್ಲಿ ಕಂಡುಬರುವ ಕ್ಯಾನ್ಸರ್ ಮುಖ್ಯವಾಗಿ ನಾಲ್ಕು ಬಗೆ: ಪ್ಯಾಪಿಲ್ಲರಿ, ಫಾಲಿಕ್ಯುಲರ್, ಮೆಡ್ಯುಲರಿ ಮತ್ತು ಅನಾಪ್ಲಾಸ್ಟಿಕ್. ಇವುಗಳಲ್ಲಿ ಪ್ಯಾಪಿಲ್ಲರಿಯೇ ಅತಿ ಸಾಮಾನ್ಯ. ಪುರುಷರಿಗಿಂತ ಮಹಿಳೆಯರಲ್ಲಿ ಥೈರಾಯ್ಡ್ ಕ್ಯಾನ್ಸರ್ ಸುಮಾರು ಮೂರು ಪಟ್ಟು ಹೆಚ್ಚು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಪ್ಯಾಪಿಲ್ಲರಿ ಬಗೆಯ ಬಹುತೇಕ ರೋಗಿಗಳು ಗುಣಮುಖರಾಗುತ್ತಾರೆ.

ಒಂದೇ ವಂಶವಾಹಿಯ ದೋಷ

ವಂಶದ ದೃಷ್ಟಿಯಿಂದ ಅತಿ ಮುಖ್ಯವಾದದ್ದು ವಿರಳವಾದ ಮೆಡ್ಯುಲರಿ ಬಗೆ. ಇದರ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕಾಯಿಲೆ ತಂದೆ ಅಥವಾ ತಾಯಿಯಿಂದ ಬಂದಿರುತ್ತದೆ. ಹತ್ತನೆಯ ವರ್ಣತಂತುವಿನಲ್ಲಿರುವ 'ರೆಟ್' ಎಂಬ ವಂಶವಾಹಿಯ ದೋಷವೇ ಇದಕ್ಕೆ ಕಾರಣ ಎಂಬುದು 1993ರಲ್ಲಿ ಬೆಳಕಿಗೆ ಬಂದಿತು.

ತಂದೆ ತಾಯಿಗಳಲ್ಲಿ ಒಬ್ಬರಿಗೆ ಈ ದೋಷವಿದ್ದರೂ ಪ್ರತಿ ಮಗುವಿಗೆ ಅದು ಬರುವ ಸಾಧ್ಯತೆ ಶೇ. 50. ಸಂಬಂಧದೊಳಗೆ ಮದುವೆಯಾದರೆ ಮಾತ್ರ ವಂಶದ ಕಾಯಿಲೆ ಬರುತ್ತದೆಂಬ ನಂಬಿಕೆ ಇಲ್ಲಿ ಅನ್ವಯಿಸುವುದಿಲ್ಲ. ಗಂಡು ಹೆಣ್ಣೆಂಬ ಭೇದವೂ ಇಲ್ಲ. ದೋಷ ಪಡೆದವರಲ್ಲಿ ಹೆಚ್ಚಿನವರಿಗೆ ಒಂದಲ್ಲ ಒಂದು ದಿನ ಕ್ಯಾನ್ಸರ್ ಬರುತ್ತದೆ. ದೋಷವು ವಂಶವಾಹಿಯ ಯಾವ ಸ್ಥಾನದಲ್ಲಿದೆ ಎಂಬುದರ ಮೇಲೆ ಕಾಯಿಲೆಯ ತೀವ್ರತೆ ನಿರ್ಧಾರವಾಗುತ್ತದೆ.

ಆದ್ದರಿಂದಲೇ ಕ್ಯಾನ್ಸರ್ ಹುಟ್ಟುವ ಮೊದಲೇ ಗ್ರಂಥಿಯನ್ನು ತೆಗೆಯುವ ಪದ್ಧತಿ ಜಾರಿಯಲ್ಲಿದೆ. ಅಮೆರಿಕದ ಥೈರಾಯ್ಡ್ ಸಂಘವು 2015ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಅತಿ ತೀವ್ರ ದೋಷವಿರುವ ಶಿಶುವಿಗೆ ಮೊದಲ ವರ್ಷದಲ್ಲೇ, ಅದಕ್ಕಿಂತ ಒಂದು ಹಂತ ಕಡಿಮೆಯಿದ್ದರೆ ಐದು ವರ್ಷದೊಳಗೆ ಶಸ್ತ್ರಚಿಕಿತ್ಸೆ ನಡೆಯಬೇಕು. ನಂತರ ಮಗು ಜೀವನಪರ್ಯಂತ ದಿನಕ್ಕೊಂದು ಥೈರಾಕ್ಸಿನ್ ಮಾತ್ರೆ ನುಂಗಬೇಕಾಗುತ್ತದೆ. ಬದಲಾಗಿ ಮಾರಕ ಕಾಯಿಲೆಯಿಂದ ಪಾರಾಗುತ್ತದೆ. ದೋಷವಿಲ್ಲವೆಂದು ತಿಳಿದ ಮಗುವಿಗೆ ಮತ್ತೆ ಮತ್ತೆ ತಪಾಸಣೆಯ ಅಗತ್ಯವೇ ಇಲ್ಲ.

ಸಣ್ಣ ವ್ಯತ್ಯಾಸಗಳ ಪಾತ್ರ

ಪ್ಯಾಪಿಲ್ಲರಿ ಬಗೆಯ ಕಥೆ ಬೇರೆ. ಇದು ಕುಟುಂಬದಲ್ಲಿ ಹರಿದುಬರುವುದು ಸುಮಾರು ಶೇ. 5ರಷ್ಟು ಪ್ರಕರಣಗಳಲ್ಲಿ ಮಾತ್ರ. ಇಬ್ಬರಿಗೆ ಬಂದರೆ ಅದು ಕಾಕತಾಳೀಯವೂ ಇರಬಹುದು. ಮೂವರು ಅಥವಾ ಹೆಚ್ಚು ಸಮೀಪದ ರಕ್ತಸಂಬಂಧಿಗಳಿಗೆ ಬಂದರೆ ವಂಶದ ಶಂಕೆ ಬಲವಾಗುತ್ತದೆ.

2009ರಲ್ಲಿ ಐಸ್‌ಲ್ಯಾಂಡ್‌ನ ವಿಜ್ಞಾನಿಗಳು ಒಂಬತ್ತನೆಯ ಮತ್ತು ಹದಿನಾಲ್ಕನೆಯ ವರ್ಣತಂತುಗಳಲ್ಲಿ ಎರಡು ವ್ಯತ್ಯಾಸಗಳನ್ನು ಗುರುತಿಸಿದರು. ಇವು ಜನಸಾಮಾನ್ಯರಲ್ಲೂ ಇರುವಂಥವು. ಎರಡನ್ನೂ ತಂದೆ ತಾಯಿ ಇಬ್ಬರಿಂದಲೂ ಪಡೆದವರಿಗೆ, ಒಂದನ್ನೂ ಪಡೆಯದವರಿಗಿಂತ ಅಪಾಯ 5.7 ಪಟ್ಟು ಹೆಚ್ಚೆಂದು ಅವರು ಅಂದಾಜಿಸಿದರು. ಆದರೂ ಮೂಲ ಅಪಾಯವೇ ತೀರಾ ಚಿಕ್ಕದಾದ್ದರಿಂದ ಇಂತಹವರಲ್ಲೂ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ. ಆರೋಗ್ಯವಂತರು ಇದಕ್ಕಾಗಿ ಹಣ ಖರ್ಚು ಮಾಡಿ ಪರೀಕ್ಷೆ ಮಾಡಿಸುವುದರಿಂದ ಪ್ರಯೋಜನವಿಲ್ಲ.

ವಿಕಿರಣದ ಪ್ರಶ್ನೆ

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಮೊದಲ ಎರಡು 2000ದಲ್ಲಿ, ಉಳಿದೆರಡು 2007 ಮತ್ತು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ವಿಕಿರಣಕ್ಕೂ ಥೈರಾಯ್ಡ್ ಕ್ಯಾನ್ಸರ್‌ಗೂ ನಂಟಿರುವುದು 1986ರ ಚೆರ್ನೊಬಿಲ್ ದುರಂತದಿಂದ ದೃಢಪಟ್ಟಿದೆ. ಅಲ್ಲಿ ಸೋರಿದ ಅಯೋಡಿನ್-131 ಹುಲ್ಲಿನಿಂದ ಹಸುವಿನ ಹಾಲಿಗೆ, ಹಾಲಿನಿಂದ ಮಕ್ಕಳ ಥೈರಾಯ್ಡ್‌ಗೆ ಸೇರಿತು. ಆಗ ಮಕ್ಕಳು ಹಾಗೂ ಹದಿಹರೆಯದವರಾಗಿದ್ದವರಲ್ಲಿ 2005ರ ವೇಳೆಗೆ 6 ಸಾವಿರಕ್ಕೂ ಹೆಚ್ಚು ಪ್ರಕರಣಗಳು ವರದಿಯಾಗಿದ್ದವು. ಅಂತಹ ದುರಂತ ಕೈಗಾದಲ್ಲಿ ನಡೆದಿಲ್ಲ.

ಒಂಬತ್ತನೆಯ ವರ್ಣತಂತುವಿನ ಅದೇ ವ್ಯತ್ಯಾಸವು ಚೆರ್ನೊಬಿಲ್ ನಂತರ ಕ್ಯಾನ್ಸರ್‌ಗೆ ತುತ್ತಾದ ಬೆಲಾರಸ್‌ನವರಲ್ಲೂ ಹೆಚ್ಚಾಗಿ ಕಂಡುಬಂದಿದ್ದು 2010ರಲ್ಲಿ ಪ್ರಕಟವಾಯಿತು. ಅಂದರೆ ವಂಶ ಮತ್ತು ಪರಿಸರ ಒಂದಕ್ಕೊಂದು ಪರ್ಯಾಯವಲ್ಲ. ಎರಡೂ ಜೊತೆಗೂಡಿ ಕೆಲಸ ಮಾಡಬಲ್ಲವು.

ಮನೆಯವರು ಮಾಡಬೇಕಾದುದೇನು?

ಬಯಾಪ್ಸಿ ವರದಿಯಲ್ಲಿ ಕ್ಯಾನ್ಸರ್‌ನ ಬಗೆಯನ್ನು ನಮೂದಿಸಲಾಗಿರುತ್ತದೆ. ವರದಿಯನ್ನು ಎಸೆಯದೆ ಕಾಯ್ದಿಟ್ಟು, ಬಗೆ ಯಾವುದೆಂದು ವೈದ್ಯರಲ್ಲಿ ಕೇಳಿ ತಿಳಿಯಬೇಕು. 'ಮೆಡ್ಯುಲರಿ' ಎಂದಿದ್ದರೆ, ವಂಶದಲ್ಲಿ ಬೇರೆ ಯಾರಿಗೂ ಕಾಯಿಲೆ ಇಲ್ಲದಿದ್ದರೂ ರೋಗಿಗೆ ರೆಟ್ ಪರೀಕ್ಷೆ ಆಗಲೇಬೇಕು. ದೋಷ ಪತ್ತೆಯಾದರೆ ಮಕ್ಕಳು, ಒಡಹುಟ್ಟಿದವರು, ತಂದೆ ತಾಯಿಗೂ ಪರೀಕ್ಷೆ ನಡೆಯಬೇಕು. ಇಂತಹ ಕುಟುಂಬಗಳಲ್ಲಿ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲೂ ಗೆಡ್ಡೆ ಬೆಳೆಯಬಹುದು. ಅದು ಗಮನಕ್ಕೆ ಬಾರದೆ ಶಸ್ತ್ರಚಿಕಿತ್ಸೆ ನಡೆದರೆ ರಕ್ತದೊತ್ತಡ ಒಮ್ಮೆಲೇ ಏರಿ ಜೀವಕ್ಕೆ ಅಪಾಯ.

ಕ್ಯಾನ್ಸರ್ ಚಿಕಿತ್ಸೆಗಾಗಿ ಜಿಲ್ಲೆಯ ಜನ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾಕ್ಕೆ ಅಲೆಯುವುದು ತಪ್ಪಿಲ್ಲ. ಆದರೆ ವಂಶವಾಹಿ ಪರೀಕ್ಷೆಗೆ ಬೇಕಾದುದು ಸ್ವಲ್ಪ ರಕ್ತ ಮಾತ್ರ. ಅದನ್ನು ದೂರದ ಪ್ರಯೋಗಾಲಯಕ್ಕೂ ಕಳುಹಿಸಬಹುದು. ಮದುವೆ ಸಂಬಂಧ ತಪ್ಪೀತೆಂಬ ಅಂಜಿಕೆಯಿಂದ ಕಾಯಿಲೆಯ ಹೆಸರನ್ನು ಮುಚ್ಚಿಟ್ಟರೆ, ಉಳಿಸಬಹುದಾಗಿದ್ದ ಮಗುವಿನ ಪಾಲಿಗೆ ಆ ಮೌನವೇ ಮುಳುವಾದೀತು.