ಒಂದು ಮರಿಯೋ, ಜೋಡಿ ಮರಿಯೋ?

ಭತ್ತ ಕೊಯ್ದ ಮೇಲೆ ಗಂಗಾವತಿಯ ಗದ್ದೆಗಳಲ್ಲಿ ಕುರಿ ತರುಬುವುದನ್ನು ಕಂಡವರಿಗೆ ಕೆಂಗುರಿ ಹೊಸದಲ್ಲ. ಲಿಂಗಸುಗೂರು, ಸಿಂಧನೂರು, ಗಂಗಾವತಿ ಸೀಮೆಯೇ ಈ ಕಂದುಗೆಂಪು ಕುರಿಯ ತವರು. ಉತ್ತರ ಕರ್ನಾಟಕದ ಒಣಭೂಮಿಯ ಇನ್ನೊಂದು ತಳಿ ಡೆಕ್ಕನಿ. ಇವೆರಡೂ ಸಾಮಾನ್ಯವಾಗಿ ಸೂಲಿಗೆ ಒಂದೇ ಮರಿ ಹಾಕುತ್ತವೆ. ಅಪರೂಪಕ್ಕೆ ಜೋಡಿ ಮರಿ ಬಿದ್ದರೆ ಕುರಿಗಾರ ಟಗರಿನ ಕಡೆ ಹೆಮ್ಮೆಯಿಂದ ನೋಡುತ್ತಾನೆ. ನೋಡಬೇಕಾದದ್ದು ತಾಯಿಯ ಅಂಡಾಶಯದ ಕಡೆ.

ಹೆಣ್ಣು ಮರಿ ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ ಸಾವಿರಾರು ಅಂಡಗಳು ಮಲಗಿರುತ್ತವೆ. ಒಂದೊಂದರ ಸುತ್ತಲೂ ಪೋಷಕ ಜೀವಕೋಶಗಳ ತೆಳು ಗೂಡು. ಈ ಗೂಡಿಗೇ ಫಾಲಿಕಲ್ ಎನ್ನುತ್ತಾರೆ. ಗೂಡು ದಪ್ಪವಾಗಿ, ನೀರು ತುಂಬಿಕೊಂಡು, ಒಡೆದು ಅಂಡ ಹೊರಬೀಳುವವರೆಗೆ ಎಲ್ಲವೂ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹುಕುಂ, ಅಂಡ ಬರೀ ಒಳಗೆ ಕುಳಿತ ಅತಿಥಿ ಎಂಬ ನಂಬಿಕೆ ಬಹುಕಾಲ ಇತ್ತು.

ಅದನ್ನು ಬುಡಮೇಲು ಮಾಡಿದ್ದು ಇಲಿ. 1996ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಾರ್ಟಿನ್ ಮಾಟ್ಜುಕ್ ಅವರ ತಂಡ ಜಿಡಿಎಫ್-9 ಎಂಬ ಬೆಳವಣಿಗೆ ಪ್ರೋಟೀನಿನ ಜೀನ್ ಇಲ್ಲದ ಇಲಿಗಳನ್ನು ಪರೀಕ್ಷಿಸಿತು. ಹೆಣ್ಣಿಲಿಗಳೆಲ್ಲ ಬಂಜೆ. ಗೂಡು ಒಂದು ಪದರಕ್ಕೇ ನಿಂತುಬಿಟ್ಟಿತ್ತು. ಆ ಪ್ರೋಟೀನನ್ನು ಒಸರುವುದು ಅಂಡವೇ! ಅಂದರೆ ತನ್ನ ಗೂಡನ್ನು ಕಟ್ಟಿಸಿಕೊಳ್ಳುವ ಯಜಮಾನಿ ಒಳಗೇ ಕುಳಿತಿದ್ದಾಳೆ. ಮಾತು ಒಂದೇ ದಿಕ್ಕಿನದಲ್ಲ. ಪಿಟ್ಯುಟರಿಯ ಕೊನೆಯ ಕರೆ ಬಂದಾಗ ಗೂಡಿನ ಜೀವಕೋಶಗಳು ಇಜಿಎಫ್ ಬಳಗದ ಪ್ರೋಟೀನುಗಳನ್ನು ಹರಡಿ ಅಂಡವನ್ನು ನಿದ್ದೆಯಿಂದ ಎಬ್ಬಿಸುತ್ತವೆ.

ಕುರಿಗಳಲ್ಲಿ ಕಥೆ ಇನ್ನೂ ಸ್ವಾರಸ್ಯ. ನ್ಯೂಜಿಲೆಂಡಿನ ಇನ್ವರ್‌ಡೇಲ್ ಕುರಿಗಳಲ್ಲಿ ಜಿಡಿಎಫ್-9ರ ಸೋದರ ಪ್ರೋಟೀನಾದ ಬಿಎಂಪಿ-15ರ ಜೀನ್ ಕೆಟ್ಟಿರುವುದು 2000ರಲ್ಲಿ ಗೊತ್ತಾಯಿತು. ಒಂದು ಪ್ರತಿ ಕೆಟ್ಟರೆ ಜೋಡಿ ಮರಿ, ಎರಡೂ ಕೆಟ್ಟರೆ ಪೂರ್ತಿ ಬಂಜೆ. ಅಡುಗೆಯ ಉಪ್ಪಿನಂತೆ, ಪ್ರಮಾಣವೇ ಎಲ್ಲ.

ಆಸ್ಟ್ರೇಲಿಯಾದ ಬೂರೂಲಾ ಮೆರಿನೋ ಕುರಿಗಳಲ್ಲಿ ಬದಲಾವಣೆ ಬೇರೆ ಕಡೆ. ಬಿಎಂಪಿ ಪ್ರೋಟೀನುಗಳ ಸಂದೇಶ ಹಿಡಿಯುವ ಗ್ರಾಹಕದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ ಎಂದು 2001ರಲ್ಲಿ ಮೂರು ತಂಡಗಳು ಪ್ರತ್ಯೇಕವಾಗಿ ಕಂಡುಕೊಂಡವು. ಹೀಗೆ ಬದಲಾದ ಜೀನಿನ ಹೆಸರು ಫೆಕ್-ಬಿ. ಇದಿದ್ದರೆ ಗೂಡುಗಳು ಚಿಕ್ಕವಿರುವಾಗಲೇ ಮಾಗುತ್ತವೆ. ಒಂದು ದೊಡ್ಡ ಗೂಡು ಮಾಗುವ ಜಾಗದಲ್ಲಿ ಎರಡೋ ಮೂರೋ ಸಣ್ಣವು. ಇನ್ವರ್‌ಡೇಲಿನಂತಲ್ಲದೆ ಇಲ್ಲಿ ಎರಡು ಪ್ರತಿ ಬಂದರೂ ಕುರಿ ಬಂಜೆಯಾಗುವುದಿಲ್ಲ, ಮರಿಗಳು ಇನ್ನೂ ಹೆಚ್ಚುತ್ತವೆ.

ಇದೇ ಜೀನ್ ಬಂಗಾಳದ ಸುಂದರಬನದ ಪುಟ್ಟ ಗರೋಲ್ ಕುರಿಯಲ್ಲೂ ಇದೆ. 18ನೇ ಶತಮಾನದ ಕೊನೆಗೆ ಕಲ್ಕತ್ತೆಯಿಂದ ಹಡಗೇರಿದ ಕುರಿಗಳೇ ಅದನ್ನು ಆಸ್ಟ್ರೇಲಿಯಾಕ್ಕೆ ಒಯ್ದವೆಂದು ವಿಜ್ಞಾನಿಗಳ ಊಹೆ. ಮಹಾರಾಷ್ಟ್ರದ ಫಲ್ಟಣ್‌ನಲ್ಲಿರುವ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ ಗರೋಲ್‌ನ ಫೆಕ್-ಬಿಯನ್ನು ಡೆಕ್ಕನಿಗೆ ಸೇರಿಸಿ ‘ನಾರಿ ಸುವರ್ಣ’ ಕುರಿಯನ್ನು ರೂಪಿಸಿತು. (ನಾರಿ ಎಂದರೆ ಇಲ್ಲಿ ಹೆಂಗಸಲ್ಲ, ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು.)

ಹಾಗಾದರೆ ಕುರಿಗಾರ ಟಗರಿನ ಕಡೆ ನೋಡಿದ್ದು ಪೂರ್ತಿ ತಪ್ಪೂ ಅಲ್ಲ. ಟಗರಿನ ಮೈಯಲ್ಲಿ ಫೆಕ್-ಬಿ ಇದ್ದರೂ ಅದು ಕೂಡಿದ ಕುರಿಗೆ ಅದರಿಂದ ಜೋಡಿ ಮರಿ ಆಗುವುದಿಲ್ಲ. ಫಲ ಕಾಣುವುದು ಅದರ ಹೆಣ್ಣು ಮರಿಗಳು ದೊಡ್ಡವಾಗಿ ಈದಾಗ. ಎರಡು ಪ್ರತಿ ಇರುವ ಟಗರು ಎಲ್ಲ ಹೆಣ್ಣು ಮರಿಗಳಿಗೂ ಒಂದೊಂದನ್ನು ದಾಟಿಸುತ್ತದೆ, ಒಂದೇ ಇದ್ದರೆ ಸುಮಾರು ಅರ್ಧದಷ್ಟಕ್ಕೆ. ಹೊರಗಿಂದ ನೋಡಿ ಇದನ್ನು ಹೇಳಲಾಗದು, ರಕ್ತದ ಡಿಎನ್‌ಎ ಪರೀಕ್ಷೆಯೇ ಆಗಬೇಕು.

ಆದ್ದರಿಂದ ಜೋಡಿ ಮರಿಯ ಆಸೆಯಿಂದ ಟಗರು ಕೊಳ್ಳುವವರು ಕೊಂಬು, ಮೈಕಟ್ಟು ನೋಡಿ ಕಾಸು ಎಣಿಸಬೇಡಿ, ಪರೀಕ್ಷೆಯ ಚೀಟಿ ಕೇಳಿ. ಜೊತೆಗೆ ಬೇಸಿಗೆಯ ಮೇವಿನ ಲೆಕ್ಕವನ್ನೂ ಹಾಕಿಕೊಳ್ಳಿ. ಜೀನ್ ಅಂಡವನ್ನು ಹೆಚ್ಚಿಸುತ್ತದೆ, ಕೆಚ್ಚಲಿನ ಹಾಲನ್ನಲ್ಲ.